ಎತ್ತರದ ಹುಡುಗಿಗೆ ಎತ್ತರದ ಸ್ಟ್ಯಾಂಡು

ತುಮಕೂರಿನಲ್ಲಿ ಗಂಡಿನ ಮನೆಗೆ ಕಳಿಸುವ ಫೋಟೋ ಅಂದರೆ ಸಂಗಮೇಶನ ಸ್ಟುಡಿಯೊ. ಅವನ ಬಳಿ ಪ್ಲಾಸ್ಟಿಕ್ ಹೂವಿನ ಸ್ಟ್ಯಾಂಡು ಎರಡಿದ್ದವು. ಕುಳ್ಳಗಿನವಳು ಬಂದರೆ ಪಕ್ಕಕ್ಕೆ ಗಿಡ್ಡದು, ಉದ್ದನೆಯವಳು ಬಂದರೆ ಎತ್ತರದ್ದು. ಹೀಗೆ ಮೂರು ತಾಲ್ಲೂಕಿನ ಹುಡುಗಿಯರೆಲ್ಲ ಒಂದೇ ಅಳತೆಗೆ ಬಂದು, ಜಾತಕ ನೋಡುವುದಷ್ಟೇ ಬಾಕಿ ಉಳಿಯುತ್ತಿತ್ತು.

ಗುಬ್ಬಿಯ ಪಲ್ಲವಿ ಈ ಸಲ ಬಂದದ್ದು ಬೇರೆ ಕೆಲಸಕ್ಕೆ. ಬೆಂಗಳೂರಿನ ಜಾಹೀರಾತು ಕಂಪನಿಯೊಂದು ಸೀರೆಯ ಕ್ಯಾಲೆಂಡರಿಗೆ ಎತ್ತರದ ಹುಡುಗಿಯರನ್ನು ಹುಡುಕುತ್ತಿತ್ತು. ಸೋಮವಾರದೊಳಗೆ ಪೋರ್ಟ್‌ಫೋಲಿಯೊ ತಲುಪಬೇಕು. ಬಸ್ಸಿನಲ್ಲೇ ಅವಳು ಪೋಸುಗಳನ್ನೆಲ್ಲ ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದಳು. ಮೊದಲು ಬರೀ ಮುಖ. ಆಮೇಲೆ ಕಿಟಕಿಯ ಬೆಳಕಿಗೆ ಓರೆಯಾಗಿ, ಸೊಂಟದವರೆಗೆ. ಜೀನ್ಸಿನಲ್ಲಿ ನಡೆದು ಬರುವುದೊಂದು. ಕೊನೆಗೆ ಸೀರೆಯುಟ್ಟು, ತಲೆಯಿಂದ ಪಾದದವರೆಗೆ ಪೂರ್ತಿ. ಕೆಲಸ ಕೊಡಿಸಬೇಕಾದದ್ದು ಈ ಕೊನೆಯದು.

ಮೊದಲಿನವು ಸಲೀಸಾಗಿ ಮುಗಿದವು. "ಗಲ್ಲ ಸ್ವಲ್ಪ ಕೆಳಗೆ, ಹಂಗೇ ನಾಚ್ಕೋಮ್ಮ," ಎಂದು ಸಂಗಮೇಶ ಅಭ್ಯಾಸಬಲದಿಂದ ಹೇಳುತ್ತಿದ್ದ.

"ನಾಚ್ಕೊಳಲ್ಲ ಅಣ್ಣ, ನೀವು ತೆಗೀರಿ."

ಅವಳು ಸೀರೆಯುಟ್ಟು ಬರುವಷ್ಟರಲ್ಲಿ ಎತ್ತರದ ಸ್ಟ್ಯಾಂಡು ತನ್ನ ಜಾಗಕ್ಕೆ ಬಂದು ನಿಂತಿತ್ತು.

"ಇದ್ಯಾಕಣ್ಣ?"

"ಹೈಟ್ ಗೊತ್ತಾಗ್ಬಾರ್ದಲ್ಲಮ್ಮ."

"ಗೊತ್ತಾಗ್ಲಿ ಅಂತ್ಲೇ ಬಂದಿರೋದು. ಎತ್ತಿಡಿ ಅತ್ಲಾಗೆ."

ಬೆಂಚಿನಿಂದ ತಾಯಿ ಸರ್ವಮಂಗಳಮ್ಮ ಎದ್ದರು. "ಇರ್ಲಿ ಬುಡೇ. ಕುಣಿಗಲ್‌ನ ಗಂಡಿನೋರಿಗೆ ಸ್ಟ್ಯಾಂಡ್ ಇರೋ ಫೋಟೋನೇ ಕಳ್ಸಿರೋದು. ನಾಳೆ ಕ್ಯಾಲೆಂಡರ್ ಅವ್ರ ಗೋಡೆ ಮೇಲೇ ನೇತಾಡಿದ್ರೆ?"

"ಹೆಣ್ಣು ನೋಡೋಕೆ ಬಂದಾಗ ಕಾಣಲ್ವೇನಮ್ಮ?"

"ಅಷ್ಟೊತ್ಗೆ ಉಪ್ಪಿಟ್ಟು ತಿಂದಿರ್ತಾರೆ ಕಣೇ. ತಿಂದ್ಮೇಲೆ ಬೇಡ ಅನ್ನೋಕೆ ಬಾಯಿ ಬರಲ್ಲ."

ಪಲ್ಲವಿ ಸ್ಟ್ಯಾಂಡನ್ನು ತಾನೇ ಎತ್ತಿ ಮೂಲೆಗಿಟ್ಟಳು. ಸಂಗಮೇಶ ಹಿಂದೆ ಸರಿದು ನೋಡಿದ. ತಲೆ ಸಿಕ್ಕರೆ ಪಾದವಿಲ್ಲ. ಎರಡೂ ಸಿಕ್ಕರೆ ಬೆನ್ನ ಹಿಂದಿನ ಪರದೆ ಮುಗಿದು ಮೇಲೆ ಟ್ಯೂಬ್‌ಲೈಟು. ಇಷ್ಟು ವರ್ಷ ಆ ಪರದೆಯ ಮುಂದೆ ಯಾರೂ ತಮ್ಮ ಪೂರ್ತಿ ಎತ್ತರಕ್ಕೆ ನಿಂತಿರಲಿಲ್ಲ.

"ತಾರಸಿಗೆ ನಡೀರಿ," ಎಂದಳು. "ವಾಟರ್ ಟ್ಯಾಂಕ್ ಗೋಡೆ ಬೆಳ್ಳಗಿದೆ. ನೀವು ಮಾತ್ರ ನೆಲದ್ಮೇಲೆ ಮಲಗಿ ತೆಗೀಬೇಕು."

"ಮಲಗೋದಾ? ಧಾರೆ ಹೊತ್ನಲ್ಲೂ ಮಂಡಿ ಊರಿರೋದಷ್ಟೇ ಕಣಮ್ಮ ನಾನು."

ಆದರೂ ಮಲಗಿದ. ಬೆಳಕು ತಿರುಗಿಸುವ ಥರ್ಮಾಕೋಲು ಸರ್ವಮಂಗಳಮ್ಮನ ಕೈಗೆ ಬಂತು. ಕ್ಯಾಮೆರಾ ತನ್ನತ್ತ ಏಳುತ್ತಲೇ ಪಲ್ಲವಿಯ ಭುಜಗಳು ತಾವಾಗಿ ಕುಗ್ಗಿದವು. ನೆಂಟರೆದುರು ಬಗ್ಗಿ ನಿಲ್ಲುವುದನ್ನು ಕಲಿಸಿದವರು ಅಮ್ಮನೇ. ಬಿಳಿ ಗೋಡೆಯ ಮುಂದೆ ಆ ಕುಗ್ಗು ಕಿತ್ತುಹೋದ ಹೊಲಿಗೆಯಂತೆ ಎದ್ದು ಕಂಡಿತು, ಕಂಡದ್ದು ಅಮ್ಮನಿಗೂ.

"ಬಗ್ಬೇಡ್ವೇ," ಎಂದರು ಸರ್ವಮಂಗಳಮ್ಮ, ಗದರುವ ದನಿಯಲ್ಲಿ. "ನಿಂತ್ಮೇಲೆ ನೆಟ್ಟಗೆ ನಿಂತ್ಕೋ. ಕುಣಿಗಲ್‌ಗೂ ಇದ್ನೇ ಕಳ್ಸೋಣ. ಬರೋರು ನೋಡ್ಕೊಂಡೇ ಬರ್ಲಿ."

ಪಲ್ಲವಿ ನೆಟ್ಟಗಾದಳು. ಸಂಗಮೇಶ ಹೊಟ್ಟೆಯ ಮೇಲೆ ಒಂದು ಮೊಳ ಹಿಂದಕ್ಕೆ ತೆವಳಿದ. ಸಾಲದೆ ಇನ್ನೊಂದು ಮೊಳ ತೆವಳಿದ.

"ಇನ್ನೂ ಇದೀಯಲ್ಲಮ್ಮ!" ಎಂದು, ಖುಷಿಯಿಂದಲೇ, ಗುಂಡಿ ಒತ್ತಿದ.