ಬೆಲೆ ಹಾಕದ ಮೆನು

ನಮ್ಮ ಹೋಟೆಲಿನಲ್ಲಿ ಮೂರು ಬಗೆಯ ಮೆನು. ಮೊದಲನೆಯದು ಬಾಗಿಲ ಬಳಿ ಕಾಲೂರಿ ನಿಂತ ಕರಿಹಲಗೆ. ಬೆಳಿಗ್ಗೆ ಅಡುಗೆಯವನು ಕೂಗಿ ಹೇಳಿದ್ದನ್ನೆಲ್ಲ ಅದರ ಮೇಲೆ ಸೀಮೆಸುಣ್ಣದಲ್ಲಿ ಬರೆಯುವುದು ನಾನು, ಒಂದೊಂದೇ ಮುಗಿದ ಹಾಗೆ ಒರೆಸುವುದೂ ನಾನು. ಅದು ಅವಸರದವರಿಗೆ. ಹೊರಗಿನ ಹಾಲ್‌ಗೆ ಪ್ಲಾಸ್ಟಿಕ್ ಹೊದಿಸಿದ ಕಾರ್ಡು. ಸೂಪು ಚೆಲ್ಲಿದರೂ ಒದ್ದೆ ಬಟ್ಟೆಯಲ್ಲಿ ಒರೆಸಿಟ್ಟರಾಯಿತು. ಒಳಕೋಣೆಗೆ ಮಾತ್ರ ಚರ್ಮದ ರಟ್ಟಿನವು, ಮೂಲೆಗಳಿಗೆ ಹಿತ್ತಾಳೆ ಹೊಡೆದವು, ಇಟ್ಟಿಗೆಯಷ್ಟು ಭಾರ. ಅದರಲ್ಲೂ ಎರಡು ಜಾತಿ. ಊಟ ಹಾಕಿಸುವವರಿಗೆ ಬೆಲೆ ಇರುವ ಕಾರ್ಡು, ಅವರ ಅತಿಥಿಗಳಿಗೆ ಬೆಲೆ ಇಲ್ಲದ್ದು. ಬೆಲೆ ನೋಡಿ ಅತಿಥಿ ಹಿಂಜರಿಯಬಾರದಂತೆ. ಊಟ ಹಾಕಿಸುವವರು ಯಾರು ಎಂದು ಬಾಯಿಬಿಟ್ಟು ಕೇಳುವುದು ಚೆನ್ನಾಗಿರುವುದಿಲ್ಲವಲ್ಲ. ಅದಕ್ಕೇ ಯಾರ ಹೆಸರಿನಲ್ಲಿ ಟೇಬಲ್ ಕಾದಿರಿಸಿದೆಯೋ ಅವರ ಕೈಗೆ ಬೆಲೆಯ ಕಾರ್ಡು ಕೊಡಬೇಕೆಂದು ಯಜಮಾನರು ನಿಯಮ ಮಾಡಿಟ್ಟಿದ್ದರು.

ಒಳಕೋಣೆಯ ಸರ್ವರ್‌ನನ್ನು ನಾವು ಉದ್ದಣ್ಣ ಎನ್ನುತ್ತೇವೆ. ಬಾಗಿಲಲ್ಲಿ ತಲೆ ಬಗ್ಗಿಸಿ ಬರುವಷ್ಟು ಎತ್ತರ. ಯಜಮಾನರು ಹಾಕಿದ ಗೆರೆ ದಾಟುವ ಆಸಾಮಿಯಲ್ಲ. ಬೆಂಕಿ ಬಿದ್ದರೂ ಎಡಗಡೆಯಿಂದಲೇ ಬಡಿಸುತ್ತಾನೆ.

ಆ ಮಧ್ಯಾಹ್ನ ನನ್ನ ಭಾವ ತನ್ನ ಮೇಲಧಿಕಾರಿಯನ್ನು ಊಟಕ್ಕೆ ಕರೆತಂದ. ಜೊತೆಗೆ ಅಕ್ಕ. ಭಾವನ ವಿಷಯ ಮೊದಲೇ ಹೇಳಿಬಿಡುತ್ತೇನೆ. ಬೀದಿಯಲ್ಲಿ ಬೆಣ್ಣೆಯಂಥ ಮಾತು, ಮನೆಯೊಳಗೆ ಬರೀ ಏಟು. ಅಕ್ಕ ಒಮ್ಮೆ ಬಾಗಿಲು ತಗುಲಿತು ಎನ್ನುತ್ತಿದ್ದಳು, ಇನ್ನೊಮ್ಮೆ ಬಚ್ಚಲಲ್ಲಿ ಜಾರಿದೆ ಎನ್ನುತ್ತಿದ್ದಳು. ಯಾರ ಕಣ್ಣಿಗೆ ಮಣ್ಣೆರಚುತ್ತಾಳೆ? ಅವನನ್ನು ಬಿಟ್ಟು ನನ್ನ ಕೋಣೆಗೆ ಬಂದುಬಿಡು ಎಂದು ಅವಳ ಕಾಲು ಹಿಡಿಯುವುದೊಂದು ಬಾಕಿ ಇತ್ತು. "ಸುಮ್ನಿರೇ, ದಿನಾ ಏನೂ ಹೊಡಿಯಲ್ಲ ಅವ್ರು" ಎಂದು ನನ್ನ ಬಾಯಿ ಮುಚ್ಚಿಸುತ್ತಿದ್ದಳು. ಹೀಗೇ ಬಿಟ್ಟರೆ ಒಂದು ದಿನ ಅವಳ ಹೆಣ ನೋಡಬೇಕಾಗುತ್ತದೆಂದು ನನಗೆ ನಿಜಕ್ಕೂ ಭಯವಿತ್ತು.

ಟೇಬಲ್ ಕಾದಿರಿಸಲು ಫೋನ್ ಮಾಡಿದ್ದು ಅಕ್ಕ. ಅವನೇ ಮಾಡಿಸಿದ್ದು, ಇಂಥ ಚಾಕರಿಯೆಲ್ಲ ಅವಳ ತಲೆಗೇ. ಉದ್ದಣ್ಣ ಯಾರ ಹೆಸರಿಗೆ ಎಂದು ಕೇಳಿದ್ದಾನೆ, ಅವಳು ತನ್ನ ಹೆಸರು ಹೇಳಿದ್ದಾಳೆ. ನಾನು ನೀರಿನ ಜಗ್ಗು ಹಿಡಿದು ಒಳಕೋಣೆಗೆ ಬರುವಷ್ಟರಲ್ಲಿ ಉದ್ದಣ್ಣ ಬೆಲೆಯ ಕಾರ್ಡನ್ನು ಅಕ್ಕನ ಕೈಗೆ ಕೊಟ್ಟು, ಬೆಲೆಯಿಲ್ಲದ ಎರಡನ್ನು ಗಂಡಸರ ಮುಂದೆ ಇಟ್ಟಾಗಿತ್ತು.

ಅಧಿಕಾರಿ ಮೂರೂ ಕಾರ್ಡುಗಳ ಮೇಲೆ ಕಣ್ಣಾಡಿಸಿ ನಕ್ಕ. "ಏನ್ರೀ, ನೀವೂ ನನ್ ಥರಾನೇ ಗೆಸ್ಟಾ? ಮನೇಲಿ ದುಡ್ಡಿನ ವ್ಯವಹಾರ ಎಲ್ಲಾ ಮೇಡಮ್ಮೋರದ್ದೇ ಅನ್ಸುತ್ತೆ."

ಭಾವನೂ ನಕ್ಕ. ಕಿವಿ ಮಾತ್ರ ಕೆಂಪಗಾಗಿದ್ದವು. "ತಾ ಇಲ್ಲಿ" ಎಂದು ಅಕ್ಕನತ್ತ ಕೈ ಚಾಚಿದ.

ಬೇರೆ ದಿನವಾಗಿದ್ದರೆ ಅವಳು ಕೊಟ್ಟುಬಿಡುತ್ತಿದ್ದಳು. ಮದುವೆಯಾದಾಗಿನಿಂದ ಅವನು ಹೇಳಿ ತರಿಸಿದ್ದನ್ನು ತಲೆ ತಗ್ಗಿಸಿ ತಿಂದವಳು. ಅವತ್ತು ಯಾಕೋ ಕಾರ್ಡಿನಿಂದ ಕಣ್ಣೆತ್ತದೆ ಹೇಳಿದಳು. "ಒಂದ್ನಿಮಿಷ, ನೋಡ್ತಿದೀನಿ."

ಅವನ ಸಿಟ್ಟು ನೆತ್ತಿಗೇರಿತು. ಕಾರ್ಡು ಕಿತ್ತುಕೊಂಡವನೇ ಅದರ ಹಿತ್ತಾಳೆಯ ಮೂಲೆಯಿಂದ ಅವಳ ಕಣ್ಣಿನ ಕೆಳಗೆ ಬೀಸಿ ಹೊಡೆದ. ಚರ್ಮ ಸೀಳಿತು. "ನೋಡ್ತೀಯಾ? ನೋಡು" ಎಂದು ಮತ್ತೊಂದು. ಮೂಗು ಮುರಿದ ಸದ್ದು ನನಗೆ ಕೇಳಿಸಿತು. ಬಿಳಿ ಮೇಜುಬಟ್ಟೆಯ ಮೇಲೆ ರಕ್ತ ಧಾರೆಯಾಗಿ ಸುರಿಯಿತು. ಅಧಿಕಾರಿ ಕುರ್ಚಿ ಸಮೇತ ಗೋಡೆಗೆ ಸರಿದು ಕೂತ. ಉದ್ದಣ್ಣ ಮಾತ್ರ ಕೈ ಮುಗಿದುಕೊಂಡು, "ಹೆಸರು ಅವರದ್ದೇ ಇತ್ತು ಸಾರ್" ಎಂದು ಬಡಬಡಿಸುತ್ತಿದ್ದ.

ಜಗ್ಗಿನಲ್ಲಿ ನೀರಿದೆ ಎಂಬುದನ್ನೂ ಮರೆತು ಅದನ್ನು ಭಾವನ ತಲೆಗೆ ಬೀಸಿದೆ. ಸ್ಟೀಲಿನ ಜಗ್ಗು ನೆಗ್ಗಿಹೋಯಿತು. ಅವನು ಬೀಳಲಿಲ್ಲ. ತಿರುಗಿದ, ಮೇಜಿನ ಮೇಲಿದ್ದ ಮಾಂಸ ಕೊಯ್ಯುವ ಚಾಕು ಎತ್ತಿ, ಮೇಜಿಗೆ ಊರಿದ್ದ ನನ್ನ ಎಡಗೈಗೆ ಇಳಿಸಿದ. ಅಂಗೈ ದಾಟಿ ಮೇಜಿನ ಹಲಗೆಗೆ ಕಚ್ಚಿಕೊಂಡಿತು. ನಾನು ಕೂಗುವ ಮೊದಲೇ ಅವನ ಕೈ ನನ್ನ ಕತ್ತು ಹಿಸುಕುತ್ತಿತ್ತು. ಕಣ್ಣು ಕತ್ತಲಿಡುತ್ತಿದ್ದಾಗ ನೋಡಿದೆ, ಅಕ್ಕನ ಕುರ್ಚಿ ಖಾಲಿ. ಓಡಿಹೋದಳು, ಸದ್ಯ ಅವಳಾದರೂ ಬದುಕಿದಳು ಎಂದುಕೊಂಡೆ.

ಅವಳು ಓಡಿರಲಿಲ್ಲ. ಬಾಗಿಲ ಬಳಿಯ ಕರಿಹಲಗೆಯನ್ನು ಎತ್ತಿಕೊಂಡು ಬಂದಳು. ಅದನ್ನು ದಿನಾ ಬೆಳಿಗ್ಗೆ ನಾನೂ ಉದ್ದಣ್ಣನೂ ಸೇರಿ ಏದುಸಿರು ಬಿಡುತ್ತ ಸಾಗಿಸುತ್ತೇವೆ. ಅವಳು ಒಬ್ಬಳೇ ಎತ್ತಿ ಅದರ ಅಂಚನ್ನು ಅವನ ಬಲ ಭುಜಕ್ಕೆ ಇಳಿಸಿದಳು. ಮೂಳೆ ಲಟಕ್ ಎಂದಿತು. ನನ್ನ ಕತ್ತು ಬಿಟ್ಟು ಅವನು ನೆಲಕ್ಕೆ ಕುಸಿದ.

ಬಿದ್ದಲ್ಲಿಂದಲೇ ಅವಳನ್ನು ದುರುಗುಟ್ಟಿ ನೋಡಿದ. "ಏಯ್, ಕೆಳಗಿಡು ಅದನ್ನ. ಮನೆಗೆ ನಡಿ, ಅಲ್ಲಿ ನೋಡ್ಕೋತೀನಿ ನಿನ್ನ."

ಅಕ್ಕ ಹಲಗೆಯನ್ನು ಮತ್ತೆ ಎತ್ತಿದಳು. ಅದೇ ಭುಜಕ್ಕೆ ಇನ್ನೊಂದು ಏಟು. ಈ ಸಲ ಚೌಕಟ್ಟೇ ಮುರಿಯಿತು. ನಾನು ಬೆಳಿಗ್ಗೆ ಬರೆದ ಅಕ್ಷರಗಳೆಲ್ಲ ಅವಳ ಎದೆಗೆ, ತೋಳಿಗೆ ಬಿಳಿಯಾಗಿ ಮೆತ್ತಿಕೊಂಡಿದ್ದವು.

ಸಂಜೆ ಆಸ್ಪತ್ರೆಗೆ ಪೊಲೀಸಿನವರು ಬಂದರು. ಪಕ್ಕದ ವಾರ್ಡಿನಲ್ಲಿ ಭಾವ ನರಳುತ್ತಿದ್ದ. ಅವನ ಬಲಗೈ ಇನ್ನು ಭುಜದ ಮೇಲಕ್ಕೆ ಏಳುವುದಿಲ್ಲ ಎಂದು ಡಾಕ್ಟರು ಹೇಳಿಹೋಗಿದ್ದರು. ಅಕ್ಕನ ಮೂಗಿನ ತುಂಬ ಹತ್ತಿ, ನನ್ನ ಕೈಗೆ ಹೊಲಿಗೆ.

"ಮೊದಲನೇ ಏಟು ತಂಗೀನ ಬಿಡಿಸೋಕೆ, ಅದು ಸರಿ" ಎಂದರು ಇನ್ಸ್‌ಪೆಕ್ಟರ್. "ಬಿದ್ದಮೇಲೆ ಇನ್ನೊಂದು ಹಾಕಿದ್ದು ಯಾರು? ಅದಕ್ಕೆ ಕೇಸಾಗುತ್ತೆ."

"ನಾನು ಸಾರ್" ಎಂದೆ. ಅವರು ನನ್ನ ಕೈಯ ಪಟ್ಟಿ ನೋಡಿದರು, ನನ್ನ ಮುಖ ನೋಡಿದರು.

"ಅವಳ ಕೈ ಟೇಬಲ್‌ಗೆ ಚುಚ್ಕೊಂಡಿತ್ತು" ಎಂದಳು ಅಕ್ಕ. "ಎರಡೂ ನಾನೇ ಹೊಡ್ದಿದ್ದು. ಟೇಬಲ್ ನನ್ನ ಹೆಸರಲ್ಲಿತ್ತು, ಇದನ್ನೂ ನನ್ನ ಹೆಸರಲ್ಲೇ ಬರ್ಕೊಳ್ಳಿ."

ಬರೆದದ್ದನ್ನು ಅವಳು ಒಂದಕ್ಷರ ಬಿಡದೆ ಓದಿದಳು. ಇನ್ಸ್‌ಪೆಕ್ಟರ್ ಆಗಲೇ ಪೆನ್ನು ಚಾಚಿದ್ದರು. "ಒಂದ್ನಿಮಿಷ, ನೋಡ್ತಿದೀನಿ" ಎಂದಳು. ಅವರು ಕಾದರು. ಸಹಿ ಹಾಕಿ ನನ್ನ ಕಡೆ ತಿರುಗಿ, "ನಿನ್ ಕೋಣೆ ಕೀಲಿ ಎಲ್ಲಿಟ್ಟಿದೀಯಾ?" ಎಂದು ಕೇಳಿದಳು.