ನೋವೇ ಆಗದ ಕಾಲು

"ರೀ, ಇನ್ನೊಂದು ಚಪ್ಪಲಿ ಎಲ್ಲಿ?"

ನಮ್ಮ ಯಜಮಾನರು ಬಾಗಿಲಲ್ಲೇ ನಿಂತು ಕಾಲು ನೋಡಿಕೊಂಡರು. ಎಡಗಾಲಲ್ಲಿ ಚಪ್ಪಲಿ ಇದೆ, ಬಲಗಾಲು ಬರಿಗಾಲು.

"ಅರೆ, ಇತ್ತಲ್ಲೇ!" ಅಂದರು.

ನಾನು ಇಳಿದು ಹೋಗಿ ನೋಡಿದರೆ ಮೆಟ್ಟಿಲ ನಡುವೆ ಒಂಟಿ ಚಪ್ಪಲಿ ಬಿದ್ದಿದೆ. ಕಾಲಿಂದ ಜಾರಿದ್ದು ಈ ಮನುಷ್ಯನಿಗೆ ಗೊತ್ತೇ ಆಗಿಲ್ಲ! ಇದೇನು ಮೊದಲ ಸಲವೂ ಅಲ್ಲ. ಒಮ್ಮೆ ವ್ಯಾನಿನಲ್ಲಿ ಬಿಟ್ಟು ಬಂದಿದ್ದರು, ಒಮ್ಮೆ ಔಷಧಿ ಅಂಗಡಿ ಮುಂದೆ. "ಜ್ಞಾನ ಎಲ್ಲಿರುತ್ತೆ ನಿಮಗೆ? ಹೀಗೇ ಆದ್ರೆ ಒಂದಿನ ಕಾಲನ್ನೇ ಬಿಟ್ಟು ಬರ್ತೀರಿ!" ಅಂತ ರೇಗಿದೆ. ಯಾವ ಗಳಿಗೆಯಲ್ಲಿ ಆ ಮಾತು ನನ್ನ ಬಾಯಿಗೆ ಬಂತೋ!

ಅವರು ಶಾಲೆ ವ್ಯಾನ್ ಓಡಿಸುತ್ತಾರೆ. ಮಕ್ಕಳ ಬಾಯಲ್ಲಿ ಅವರು ವ್ಯಾನಣ್ಣ. ನಾನು ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಬ್ಯಾಗ್ ರಿಪೇರಿ ಮಾಡುತ್ತೇನೆ. ಕಿತ್ತುಹೋದ ಪಟ್ಟಿ, ಸಿಕ್ಕಿಕೊಂಡ ಜಿಪ್ಪು, ಹರಿದ ತಳ, ಎಲ್ಲ ನನ್ನ ಹತ್ತಿರ ಬರುತ್ತೆ. ಇಬ್ಬರದೂ ಕೂತು ಮಾಡೋ ಕೆಲಸ. ಕೂತೂ ಕೂತೂ ಅವರಿಗೆ ಹೊಟ್ಟೆ ಬಂತು, ನನಗೆ ಸೊಂಟ ಹಿಡೀತು. ಅದಕ್ಕೇ ಬೀದಿ ಕೊನೆಯ ಟೈರ್ ಅಂಗಡಿ ಮಹಡಿಯಲ್ಲಿ ಸಂಜೆ ಹೊತ್ತು ನಡೆಯೋ ಕುಸ್ತಿ ಕ್ಲಾಸಿಗೆ ಇಬ್ಬರೂ ಸೇರಿಕೊಂಡೆವು.

ನಗಬೇಡಿ. ಅಲ್ಲಿ ನಮಗಿಂತ ವಯಸ್ಸಾದವರೂ ಇದ್ದಾರೆ. ಎತ್ತಿ ಒಗೆಯೋ ಕುಸ್ತಿ ಅಲ್ಲ ಅದು. ನೆಲಕ್ಕೆ ಹಾಸಿದ ಮ್ಯಾಟಿನ ಮೇಲೆ ಉರುಳಾಡುತ್ತಲೇ ಕೈಗೋ ಕಾಲಿಗೋ ಪಟ್ಟು ಹಾಕಿ, ಎದುರಿನವರು ಸೋತೆ ಅನ್ನೋ ಹಾಗೆ ಮಾಡೋದು. ಬಾಯಿಬಿಟ್ಟು ಹೇಳಲೇಬೇಕು ಅಂತಿಲ್ಲ, ಅಂಗೈಯಿಂದ ಪಟಪಟ ಅಂತ ತಟ್ಟಿದರೆ ಸಾಕು. ತಟ್ಟಿದ ಕೂಡಲೇ ಬಿಟ್ಟುಬಿಡಬೇಕು. ನಮ್ಮ ಕೋಚಮ್ಮ ಕಲಿಸೋ ಮೊದಲ ಪಾಠವೇ ಅದು.

ಆ ಪಟ್ಟುಗಳಲ್ಲಿ ಆಂಕಲ್ ಲಾಕ್, ಅಂದರೆ ಕಣಕಾಲಿನ ಪಟ್ಟು, ಅಂತ ಒಂದಿದೆ. ಎದುರಿನವರ ಪಾದವನ್ನು ನಮ್ಮ ಕಂಕುಳಲ್ಲಿ ಸಿಕ್ಕಿಸಿಕೊಳ್ಳಬೇಕು. ಹಿಮ್ಮಡಿಯಿಂದ ಸ್ವಲ್ಪ ಮೇಲೆ, ಹಿಂಭಾಗದಲ್ಲಿ ದಪ್ಪ ನರ ಕೈಗೆ ಸಿಗುತ್ತಲ್ಲ, ಅಲ್ಲಿಗೆ ನಮ್ಮ ಮುಂಗೈ ಮೂಳೆ ಒತ್ತಬೇಕು. ಅವರ ತೊಡೆಯನ್ನು ನಮ್ಮ ಎರಡು ಮಂಡಿಗಳ ನಡುವೆ ಬಿಗಿದು ಎದೆ ಎತ್ತಿ ಹಿಂದಕ್ಕೆ ಬಾಗಿದರೆ, ಎಂಥಾ ಗಟ್ಟಿ ಆಳಿಗೂ ಅಯ್ಯೋ ಅನ್ನಿಸುತ್ತೆ.

ನಮ್ಮವರಿಗೆ ಮಾತ್ರ ಅನ್ನಿಸುತ್ತಿರಲಿಲ್ಲ. ಜೊತೆಗೆ ಕಲಿಯೋ ಬೇಕರಿಯವರು ಹಿಡಿದು ನೋಡಿದರು, ಬಡಗಿ ಹಿಡಿದು ನೋಡಿದ. ಇವರು ಬಲಗಾಲು ಚಾಚಿಕೊಂಡು ಶಿಳ್ಳೆ ಹಾಕುತ್ತಾ ಮಲಗಿರೋರು. ಕ್ಲಾಸಿನಲ್ಲಿ 'ಕಲ್ಲುಕಾಲು' ಅಂತ ಹೆಸರೇ ಬಿತ್ತು. ಮನೆಗೆ ಬಂದು, "ನೋಡೇ, ನಿನ್ನ ಗಂಡನ ಕಾಲು ಕಲ್ಲು!" ಅಂತ ಮೀಸೆ ತಿರುವೋರು.

"ಕಾಲೊಂದೇ ಅಲ್ಲ, ತಲೆನೂ ಕಲ್ಲೇ" ಅಂತಿದ್ದೆ ನಾನು. ಹಾಗಂದರೂ ಒಳಗೊಳಗೆ ನನಗೂ ಹೆಮ್ಮೆ ಇತ್ತು ಬಿಡಿ.

ಆ ಚಪ್ಪಲಿ ಬಿಟ್ಟು ಬಂದ ಸಂಜೆ ಕ್ಲಾಸಿನಲ್ಲಿ ಜೊತೆಗಾರರು ಕಡಿಮೆ ಇದ್ದರು. ಕೋಚಮ್ಮ ನನ್ನನ್ನು ಇವರ ಜೊತೆಗೇ ಹಾಕಿದರು. ಮದುವೆಯಾದಾಗಿನಿಂದ ನಾನು ಇವರ ಕಾಲು ಹಿಡಿದವಳಲ್ಲ. ಆವತ್ತು ಹಿಡಿದೆ.

"ಹಿಡಿದಿದ್ದೀಯೇನೇ? ಗೊತ್ತೇ ಆಗ್ತಿಲ್ಲ!" ಅಂದರು ಇವರು.

ಮುಂಗೈ ಸರಿಯಾದ ಜಾಗಕ್ಕೆ ತಂದೆ. ಮೆಲ್ಲಗೆ ಹಿಂದಕ್ಕೆ ಬಾಗಿದೆ. ಇವರು ಛಾವಣಿ ನೋಡುತ್ತಾ, "ನಾಳೆ ವ್ಯಾನಿಗೆ ಗಾಳಿ ಹೊಡೆಸಬೇಕು" ಅಂತ ಏನೇನೋ ಮಾತಾಡುತ್ತಿದ್ದರು. ಇನ್ನಷ್ಟು ಬಾಗಿದೆ. ತಟ್ಟಲಿಲ್ಲ. ಯಾಕೋ ನನಗೇ ಭಯವಾಯಿತು. ಇಷ್ಟು ಬಿಗಿದಿದ್ದರೆ ನಾನು ಚೀರಿಬಿಡುತ್ತಿದ್ದೆ.

"ರೀ, ತಟ್ರೀ."

"ಯಾಕೆ ತಟ್ಲಿ? ಕಲ್ಲು ಕಣೇ ಇದು!"

ಆಗ ನನ್ನ ಮುಂಗೈಗೆ ಏನೋ ಗೊತ್ತಾಯಿತು. ಅವರ ಕಾಲಿನೊಳಗೆ 'ಲಟಕ್' ಅಂತು. ಸಣ್ಣ ಸದ್ದೇ, ಆದರೆ ಕೋಚಮ್ಮನಿಗೂ ಕೇಳಿಸಿತು.

"ಬಿಡಮ್ಮಾ!" ಅಂತ ಕೂಗಿಕೊಂಡರು.

ಕೈಬಿಟ್ಟೆ. ಇವರು ಎದ್ದು ಕೂತು, ನಗುನಗುತ್ತಾ ಕೇಳಿದರು: "ಯಾಕೆ ಬಿಟ್ಟೆ? ಸುಸ್ತಾಯ್ತಾ?"

ಯಾರೂ ನಗಲಿಲ್ಲ. ಕೋಚಮ್ಮ ಇವರ ಪಕ್ಕ ಕೂತರು.

"ನೋವಾಗ್ತಿಲ್ವಾ?"

"ಏನೂ ಇಲ್ಲ ಮೇಡಂ."

"ಹಾಗಾದ್ರೆ ನನಗೆ ಭಯ ಆಗ್ತಿದೆ" ಅಂದರು ಕೋಚಮ್ಮ. "ಕಾಲಿನ ಪಟ್ಟಿನಲ್ಲಿ ನೋವು ಎಲ್ಲರಿಗೂ ಸ್ವಲ್ಪ ತಡವಾಗೇ ಗೊತ್ತಾಗೋದು. ಅದಕ್ಕೇ ನೋವು ಬರೋ ಮುಂಚೆ ತಟ್ಟಿ ಅಂತ ಬಡ್ಕೊಳ್ಳೋದು ನಾನು. ಆದ್ರೆ ಸದ್ದು ಬಂದ್ಮೇಲೂ ನೋವಿಲ್ಲ ಅಂದ್ರೆ ಅದು ಗಟ್ಟಿತನ ಅಲ್ಲ. ನಾನೂ ಇಷ್ಟು ದಿನ ನೋಡ್ಕೊಂಡು ಸುಮ್ನಿದ್ದೆ, ತಪ್ಪು. ಆ ಕಾಲು ನೆಲಕ್ಕೆ ಊರಬೇಡಿ. ಈಗಲೇ ಆಸ್ಪತ್ರೆಗೆ ಹೋಗಿ."

ನನಗೂ ಒಂದು ಮಾತು ಬಿತ್ತು. "ಅವರು ತಟ್ಲಿಲ್ಲ ಅಂತ ನೀನು ಬಿಗಿತಾನೇ ಇರೋದಲ್ಲಮ್ಮ. ಜಾಸ್ತಿ ಆಯ್ತು ಅನ್ನಿಸಿದ್ರೆ ನೀನೇ ಬಿಡಬೇಕು. ಇನ್ನೊಬ್ಬರ ಕಾಲು ನಿನ್ನ ಕೈಯಲ್ಲಿ ಇರುತ್ತೆ."

ಆಸ್ಪತ್ರೆ ಅಂದರೆ ಇವರು ಕೇಳಬೇಕಲ್ಲ! ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಊರಬೇಡಿ ಅಂದ ಕಾಲನ್ನೇ ಊರಿಕೊಂಡು ಟೈರ್ ಅಂಗಡಿ ಮೆಟ್ಟಿಲಿಳಿದು, ಸೀದಾ ಮನೆಗೆ ನಡೆದರು. ನಾನು ಹಿಂದೆ ಹಿಂದೆ, ಒಂದೊಂದು ಹೆಜ್ಜೆಗೂ ಎದೆ ಹಿಡಿದುಕೊಂಡು. ಮನೆ ತಲುಪೋ ಹೊತ್ತಿಗೆ ಕಣಕಾಲು ಬನ್ನಿನ ಹಾಗೆ ಊದಿತ್ತು.

"ಎಣ್ಣೆ ಹಚ್ಚಿ ತಿಕ್ಕಿಬಿಡೇ, ಸರಿಹೋಗುತ್ತೆ. ಬೆಳಿಗ್ಗೆ ಮಕ್ಕಳನ್ನ ಕರ್ಕೊಂಡು ಹೋಗ್ಬೇಕು ನಾನು."

ಎಣ್ಣೆಯೂ ಇಲ್ಲ, ಬೆಣ್ಣೆಯೂ ಇಲ್ಲ ಅಂದವಳೇ ಕೆಳಗಿನ ಮನೆಗೆ ಓಡಿದೆ. ಅಲ್ಲಿ ನರ್ಸಮ್ಮ ಇದ್ದಾರೆ. ತಲೆಯೆಲ್ಲ ನರೆತಿದೆ, ಇಂದಿಗೂ ಆಸ್ಪತ್ರೆಗೆ ಹೋಗುತ್ತಾರೆ. ಆಗಷ್ಟೇ ಡ್ಯೂಟಿ ಮುಗಿಸಿ ಬಂದಿದ್ದರು. ನಾನು ಲಟಕ್ ಅಂದ ಸದ್ದಿನ ಕಥೆ ಹೇಳುತ್ತಿದ್ದರೆ ತಲೆಯಾಡಿಸುತ್ತಿದ್ದರು. ಚಪ್ಪಲಿಯ ಕಥೆ ಹೇಳಿದ ಕೂಡಲೇ ಎದ್ದುಬಿಟ್ಟರು.

"ಜಾರಿದ್ದು ಗೊತ್ತಾಗಲ್ವಾ? ನಡಿ, ನಡಿ" ಅಂದರು.

ಮೇಲೆ ಬಂದು ಇವರನ್ನು ಮಂಚದ ಮೇಲೆ ಕಾಲು ಚಾಚಿ ಕೂರಿಸಿದರು. "ಏನಪ್ಪಾ ಕಲ್ಲುಕಾಲು, ಒಂದು ಆಟ ಆಡೋಣ. ಕಣ್ಣು ಮುಚ್ಚಿಕೋ. ನಾನು ನಿನ್ನ ಬೆರಳ ತುದಿ ಮುಟ್ತೀನಿ. ಮುಟ್ಟಿದ ಕೂಡ್ಲೇ ಹೇಳು."

ಇವರು ನಗುತ್ತಾ ಕಣ್ಣು ಮುಚ್ಚಿದರು. ನರ್ಸಮ್ಮ ಬಲಗಾಲಿನ ಹೆಬ್ಬೆರಳ ತುದಿಗೆ ತೋರುಬೆರಳು ತಾಗಿಸಿದರು. ಇವರು ಸುಮ್ಮನಿದ್ದರು. ಕಿರುಬೆರಳು ಮುಟ್ಟಿದರು. ಸುಮ್ಮನೇ ಇದ್ದರು. ಎಡಗಾಲಿಗೆ ಹೋದರು. ಹೇಳ್ರೀ, ಹೇಳ್ರೀ ಅಂತ ಮನಸ್ಸಿನಲ್ಲೇ ಬೇಡಿಕೊಂಡೆ.

"ಶುರು ಮಾಡಿ ನರ್ಸಮ್ಮ, ಎಷ್ಟು ಹೊತ್ತು ಕಾಯಿಸ್ತೀರಿ?" ಅಂದರು ಇವರು, ಕಣ್ಣು ಮುಚ್ಚಿಕೊಂಡೇ.

"ಎಲ್ಲಾ ಮುಟ್ಟಿ ಆಯ್ತಪ್ಪ" ಅಂದರು ನರ್ಸಮ್ಮ.

ಇವರು ಕಣ್ಣು ಬಿಟ್ಟರು. ಮುಖದ ಮೇಲಿನ ನಗು ಎಲ್ಲಿ ಹೋಯಿತೋ.

ನರ್ಸಮ್ಮ ಬಗ್ಗಿ ಬಲಗಾಲಿನ ಅಂಗಾಲು ನೋಡಿದರು. ಹೆಬ್ಬೆರಳ ಬುಡದಲ್ಲಿ ಕಪ್ಪಗೆ ಒಂದು ಚುಕ್ಕೆ, ಸುತ್ತ ಕೀವು. ಒಳಗೆ ಹೊಳೆಯುತ್ತಿದ್ದದ್ದು ನನ್ನ ಯಂತ್ರದ ಮುರಿದ ಸೂಜಿಯ ತುದಿ. ಅದರ ಮೇಲೆ ಎಷ್ಟು ದಿನದಿಂದ ನಡೆದಾಡುತ್ತಿದ್ದರೋ ದೇವರೇ ಬಲ್ಲ. ನನಗಾಗಿದ್ದರೆ ಮನೆ ಹಾರಿಹೋಗೋ ಹಾಗೆ ಕಿರುಚಿಕೊಳ್ಳುತ್ತಿದ್ದೆ.

"ಸಕ್ಕರೆ ಕಾಯಿಲೆ ಇದ್ದು ಗೊತ್ತಿಲ್ಲದೆ ಬಿಟ್ರೆ ಹೀಗಾಗೋದುಂಟು" ಅಂದರು ನರ್ಸಮ್ಮ. "ಪಾದದ ಸ್ಪರ್ಶ ಮೆಲ್ಲಗೆ ಹೋಗಿಬಿಡುತ್ತೆ. ಗಾಯ ಆದ್ರೂ ತಿಳಿಯಲ್ಲ, ಮೂಳೆ ಮುರಿದ್ರೂ ತಿಳಿಯಲ್ಲ. ರಕ್ತ ಪರೀಕ್ಷೆ ಮಾಡಿಸಿದ್ರೆ ನಿಜ ಗೊತ್ತಾಗುತ್ತೆ. ಈಗಲೇ ಹೊರಡಿ. ಉಗುರಲ್ಲಿ ಹೋಗೋದಕ್ಕೆ ಕೊಡಲಿ ತಗೊಳ್ಳೋ ಹಾಗೆ ಮಾಡ್ಕೋಬೇಡ."

ಇವರು ಗೋಡೆ ಕಡೆ ತಿರುಗಿದರು. "ನಾನು ಬರಲ್ಲ."

"ಯಾಕ್ರೀ?"

"ಡಾಕ್ಟ್ರು ಕಾಲಿಗೆ ಸ್ಪರ್ಶ ಇಲ್ಲ ಅಂತ ಬರೆದುಕೊಟ್ರೆ ವ್ಯಾನ್ ಕೀ ಕಿತ್ಕೋತಾರೆ. ಆಮೇಲೆ ಏನು ಮಾಡ್ಲಿ ನಾನು? ಬೇರೆ ಕೆಲಸ ಏನು ಗೊತ್ತು ನನಗೆ?"

ಅದು ಸುಳ್ಳಲ್ಲವಲ್ಲ. ಆದರೆ ನಾನೊಂದು ಕೇಳಿದೆ.

"ರೀ, ಬ್ರೇಕು ಯಾವ ಕಾಲಲ್ಲಿ ಒತ್ತೋದು?"

ಇವರು ಆ ಊದಿದ ಕಾಲನ್ನೇ ನೋಡಿದರು. ಆಮೇಲೆ ಸಣ್ಣ ದನಿಯಲ್ಲಿ ಹೇಳಿದರು: "ಈಚೆಗೆ... ಬ್ರೇಕಿನ ಮೇಲೆ ಕಾಲಿದೆಯೋ ಇಲ್ವೋ ಅಂತ ಬಗ್ಗಿ ನೋಡ್ಕೋತೀನಿ ಕಣೇ. ನೋಡಿದ್ರೇನೇ ಗೊತ್ತಾಗೋದು."

ವ್ಯಾನು ನನ್ನ ಕಣ್ಣ ಮುಂದೆ ಬಂತು. ಹಿಂದಿನ ಸೀಟುಗಳ ತುಂಬಾ ಮಕ್ಕಳು, ಅವರೆಲ್ಲರ ಬ್ಯಾಗು ಹೊಲಿದವಳು ನಾನೇ. ಯಾವ ಬ್ಯಾಗು ಯಾವ ಮಗುವಿನದು ಅಂತ ಕಣ್ಣು ಮುಚ್ಚಿ ಹೇಳಬಲ್ಲೆ. ಇವರು ಕೆಳಗೆ ಬಗ್ಗಿ ಕಾಲು ನೋಡೋ ಆ ಕ್ಷಣದಲ್ಲಿ ರಸ್ತೆ ನೋಡೋರು ಯಾರು?

ನಾನೇನೂ ಹೇಳಬೇಕಾಗಿ ಬರಲಿಲ್ಲ. ಇವರೇ ಜೇಬಿಗೆ ಕೈಹಾಕಿ ವ್ಯಾನಿನ ಕೀ ತೆಗೆದು ನನ್ನ ಕೈಗಿಟ್ಟರು.

"ನಡಿ, ಆಟೋ ಕರಿ" ಅಂದರು.

ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರೆ ಕಣಕಾಲಿನ ಮೂಳೆಯಲ್ಲಿ ಬಿರುಕು. ರಕ್ತ ಪರೀಕ್ಷೆ ಮಾಡಿದರೆ ಸಕ್ಕರೆ ಮಿತಿ ಮೀರಿತ್ತು. ಸೂಜಿ ತೆಗೆದು ಗಾಯ ತೊಳೆದ ಡಾಕ್ಟರು, "ಕೀವು ಇನ್ನೂ ಮೂಳೆ ಮುಟ್ಟಿಲ್ಲ. ಈಗ ಬಂದ್ರಿ, ಕಾಲು ಉಳೀತು. ಇನ್ನೂ ತಡ ಮಾಡಿದ್ರೆ ನಾನು ಈ ಮಾತು ಹೇಳೋ ಹಾಗಿರಲಿಲ್ಲ" ಅಂದರು. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ನಾನು ಅತ್ತೆ. ಅಳಬೇಡ ಅನ್ನೋಕೆ ಹೋಗಿ ಪಕ್ಕದಲ್ಲಿದ್ದ ಇವರೂ ಅತ್ತರು.

ಈಗ ಹೇಗಿದ್ದಾರೆ ಅಂತ ಕೇಳ್ತೀರಾ? ಕಾಲಿಗೆ ಹಾಕಿದ್ದ ಪಟ್ಟಿ ಬಿಚ್ಚಿದ್ದಾರೆ, ಗಾಯ ಆರಿದೆ. ಮಾತ್ರೆ, ಊಟದಲ್ಲಿ ಹಿಡಿತ, ಪರೀಕ್ಷೆ ಎಲ್ಲ ನಡೀತಿದೆ. ವ್ಯಾನು ಬೇರೆಯವರು ಓಡಿಸುತ್ತಾರೆ. ಇವರು ಅದೇ ವ್ಯಾನಿನಲ್ಲಿ ಮಕ್ಕಳನ್ನು ಹತ್ತಿಸಿ ಇಳಿಸೋ ಕೆಲಸ ಮಾಡುತ್ತಾರೆ. ಸಂಬಳ ಇಳೀತು, ಮುಖವೂ ಸ್ವಲ್ಪ ದಿನ ಇಳಿದೇ ಇತ್ತು. ಆದರೆ ಮಕ್ಕಳಿಗೆ ಅವರು ಇವತ್ತಿಗೂ ವ್ಯಾನಣ್ಣನೇ.

ಕ್ಲಾಸಿಗೂ ಹೋಗುತ್ತಾರೆ, ಬೆಂಚಿನ ಮೇಲೆ ಕೂರೋಕೆ. ಯಾರಾದರೂ ಹಲ್ಲು ಕಚ್ಚಿಕೊಂಡು ಆಂಕಲ್ ಲಾಕ್ ತಡೀತಿದ್ದರೆ ಅಲ್ಲಿಂದಲೇ ಕೂಗುತ್ತಾರೆ: "ತಟ್ಟಪ್ಪಾ, ತಟ್ಟು! ನಿನ್ನ ಗಂಟೇನು ಹೋಗಲ್ಲ!" ಕೋಚಮ್ಮ ಹೊಸಬರನ್ನು ಸೇರಿಸಿಕೊಳ್ಳೋ ಮುಂಚೆ ಶುಗರ್ ಇದೆಯಾ, ಪಾದಕ್ಕೆ ಸ್ಪರ್ಶ ಇದೆಯಾ ಅಂತ ಈಗ ಕೇಳಿಯೇ ಸೇರಿಸಿಕೊಳ್ಳೋದು.

ದಿನಾ ಸಂಜೆ ನಾನು ಇವರ ಅಂಗಾಲು ನೋಡುತ್ತೇನೆ. ನೋಡಿ ಆದಮೇಲೆ ಅದೇ ಆಟ, ಇವರು ಕಣ್ಣು ಮುಚ್ಚಬೇಕು, ನಾನು ಬೆರಳು ಮುಟ್ಟಬೇಕು. ಮೊನ್ನೆ ಕಿರುಬೆರಳು ಮುಟ್ಟಿದೆ.

"ಮುಟ್ಟಿದೆಯೇನೇ?"

"ಮುಟ್ಟಿದೆ ರೀ."

"ಗೊತ್ತಾಗ್ಲಿಲ್ಲ ಕಣೇ" ಅಂದರು. ಅಂದವರು ಅಂಗೈಯಿಂದ ಮಂಚವನ್ನು ಪಟಪಟ ತಟ್ಟಿದರು. ಯಾರಿಗೂ ತಟ್ಟದ ಮನುಷ್ಯ!

ಈ ಕಥೆ ಓದುತ್ತಿರೋ ನಿಮಗೆ ನನ್ನದೊಂದು ಮಾತಿದೆ. ಕುಸ್ತಿ ಆಡೋರು ನಿಮ್ಮ ಮನೆಯಲ್ಲಿದ್ದರೆ ನೋವಾಗೋ ಮುಂಚೆ ತಟ್ಟೋಕೆ ಹೇಳಿ, ಪಟ್ಟು ಹಿಡಿದಾಗ ನಿಧಾನವಾಗಿ ಬಿಗಿಯೋಕೆ ಹೇಳಿ. ಕುಸ್ತಿ ಆಡದವರ ಮನೆಯಲ್ಲೂ ಕಾಲುಗಳಿವೆ. ಇವತ್ತೇ, ಊಟಕ್ಕೆ ಕೂರೋ ಮುಂಚೆ, ಮನೆಯ ದೊಡ್ಡವರಿಗೆ ಕಣ್ಣು ಮುಚ್ಚಿಕೊಳ್ಳಿ ಅನ್ನಿ. ಅವರ ಕಾಲ್ಬೆರಳ ತುದಿಗಳನ್ನು ಮೆಲ್ಲಗೆ ಮುಟ್ಟಿ. "ಶುರು ಮಾಡು" ಅಂತ ಅವರು ಅಂದರೆ, ಊಟ ಆಮೇಲೆ ಮಾಡಿದರಾಯ್ತು, ಮೊದಲು ಡಾಕ್ಟರ ಹತ್ತಿರ ಹೋಗೋ ಮಾತಾಡಿ.