ರೋಗಿಯನ್ನು ಅಭ್ಯರ್ಥಿಯೇ ಕರೆತರತಕ್ಕದ್ದು

ನದಿಯ ಈಚೆ ದಡದಲ್ಲಿ ಅಕ್ಕ ಫಿಸಿಯೋಥೆರಪಿಸ್ಟ್. ಸೇತುವೆ ದಾಟಿ ಆಚೆ ದಡಕ್ಕೆ ಕಾಲಿಟ್ಟರೆ ಬರೀ ಭಾವನ ಹೆಂಡತಿ. ಕೈ ಅದೇ, ಕಲಿತ ವಿದ್ಯೆ ಅದೇ. ನಡುವೆ ರಾಜ್ಯದ ಗಡಿಯೊಂದು ಮೀನುಗಳಿಗೂ ಗೊತ್ತಾಗದಂತೆ ಹಾದುಹೋಗಿತ್ತು, ಅಷ್ಟೇ. ಈಚೆಯ ಆಸ್ಪತ್ರೆಯಲ್ಲಿ ಆರು ವರ್ಷ ಊರಿನ ಹಟಮಾರಿ ಭುಜ, ಮಂಡಿಗಳನ್ನೆಲ್ಲ ದಾರಿಗೆ ತಂದವಳು, ಭಾವನಿಗೆ ಆಚೆಗೆ ವರ್ಗವಾದ ಮೇಲೆ ಮನೆಯಲ್ಲೇ ಕೂತು, ತುಕ್ಕು ಹಿಡಿದ ಕಿಟಕಿ ಚಿಲಕಗಳಿಗೆ ಚಿಕಿತ್ಸೆ ಕೊಡುತ್ತಿದ್ದಳು.

ಆಚೆ ರಾಜ್ಯದ ಮಂಡಳಿಯ ತಕರಾರು ಇಷ್ಟೇ. ಅಕ್ಕನ ಕಾಲೇಜಿನಲ್ಲಿ ನಾಲ್ಕು ವರ್ಷ ಓದಿದರೆ ಡಿಗ್ರಿ, ಇವರಲ್ಲಿ ನಾಲ್ಕೂವರೆ. ಆ ಅರ್ಧ ವರ್ಷ ಎಲ್ಲಿ? ಆರು ವರ್ಷ ದುಡಿದದ್ದರಲ್ಲಿ ಅಂಥ ಅರ್ಧಗಳು ಬೇಕಾದಷ್ಟಿವೆ, ಆರಿಸಿಕೊಳ್ಳಿ ಎಂದು ಅಕ್ಕ ವಿನಯದಿಂದ ಬರೆದಳು. ದುಡಿಮೆ ಬೇರೆ, ಕಲಿಕೆ ಬೇರೆ ಎಂದು ಉತ್ತರ ಬಂತು. ಡಿಗ್ರಿಗೆ ಮಾನ್ಯತೆ ಇಲ್ಲ ಎಂದರೆ ಮಾನವೇ ಹೋದಂತೆ ಎಂದುಕೊಂಡ ಅತ್ತೆ, ಅದನ್ನು ಕಾಪಾಡುವ ಸಲುವಾಗಿ ನೆಂಟರಿಗೆಲ್ಲ ಫೋನ್ ಮಾಡಿ ಸುದ್ದಿ ಮುಟ್ಟಿಸಿದರು.

ಉಳಿದದ್ದು ಒಂದೇ ದಾರಿ, ಮಂಡಳಿ ನಡೆಸುವ ಪ್ರಾಯೋಗಿಕ ಪರೀಕ್ಷೆ. ಪಾಸಾದರೆ ಲೈಸೆನ್ಸ್. ಆಚೆಯ ಆಸ್ಪತ್ರೆಯವರು ಅಕ್ಕನಿಗಾಗಿ ಒಂದು ಹುದ್ದೆ ಖಾಲಿ ಇಟ್ಟುಕೊಂಡಿದ್ದರು, ಅದೂ ಈ ತಿಂಗಳು ಮುಗಿಯುವವರೆಗೆ ಮಾತ್ರ. ಪರೀಕ್ಷೆ ತಪ್ಪಿದರೆ ಮುಂದಿನದು ಮುಂದಿನ ವರ್ಷ. ನಿಯಮಾವಳಿಯ ಕೊನೆಯಲ್ಲಿ, ಸಣ್ಣಕ್ಷರದಲ್ಲಿ, ಅಭ್ಯರ್ಥಿಯೇ ರೋಗಿಯನ್ನು ಕರೆತರತಕ್ಕದ್ದು ಎಂದಿತ್ತು.

ರೋಗಿಗೇನು ಬರ? ತಯಾರಿಗೆಂದು ಅಕ್ಕ ಬಂದಿಳಿದಿದ್ದ ಈಚೆ ದಡದ ತವರಿನಲ್ಲೇ, ಮೇಲಿನ ಮನೆಯಲ್ಲಿದ್ದ ದೊಡ್ಡಮ್ಮನ ಬಲಭುಜ ಆರು ತಿಂಗಳಿಂದ ಕೆಟ್ಟುಕೂತಿತ್ತು. ತಲೆ ಬಾಚಲೂ ಕೈ ಏಳುತ್ತಿರಲಿಲ್ಲ. ಪರೀಕ್ಷೆಗೆ ಬರಲು ದೊಡ್ಡಮ್ಮ ಒಪ್ಪಿದರು, ಹೊಸ ಸೀರೆಯನ್ನೂ ಎತ್ತಿಟ್ಟರು. ಅಕ್ಕನಿಗೆ ಪರೀಕ್ಷೆಯ ಭಯ. ದಿನವೂ ಮಹಡಿ ಹತ್ತಿ ತಾಲೀಮು ನಡೆಸಿದಳು. ಭುಜ ಬಿಡಿಸುವುದು, ತಿರುಗಿಸುವುದು, ಗೋಡೆಯ ಮೇಲೆ ಬೆರಳು ಹತ್ತಿಸುವುದು, ಮತ್ತೆ ಮೊದಲಿಂದ. ಪರೀಕ್ಷೆಯ ಬೆಳಿಗ್ಗೆ ಕರೆಯಲು ಹೋದರೆ ದೊಡ್ಡಮ್ಮ ಬಲಗೈಯನ್ನು ನೆಟ್ಟಗೆ ಮೇಲೆತ್ತಿ ಅಟ್ಟದಿಂದ ಹಿತ್ತಾಳೆ ಡಬ್ಬಿ ಇಳಿಸುತ್ತಿದ್ದರು.

"ನೋಡೇ, ಹೂ ಎತ್ತಿದ ಹಾಗೆ ಬಂತು" ಎಂದರು. ಅಕ್ಕ ಅಲ್ಲೇ ಮೆಟ್ಟಿಲ ಮೇಲೆ ಕುಸಿದಳು. ಆರು ವರ್ಷದಲ್ಲಿ ರೋಗಿ ಗುಣವಾಗಿದ್ದಕ್ಕೆ ಅವಳು ಅತ್ತದ್ದು ಅದೇ ಮೊದಲು.

ನೋವಿದೆ ಅಂತ ನಟಿಸಿದರಾಯ್ತು ಬಿಡು ಎಂದು ದೊಡ್ಡಮ್ಮ ಧೈರ್ಯ ಹೇಳಿದರು. ಆದರೆ ಸುಳ್ಳು ಹೇಳುವಾಗ ಅವರಿಗೆ ನಗು ತಡೆಯದು. "ಅಯ್ಯೋ" ಎಂಬುದನ್ನು ಒಮ್ಮೆ ಹೇಳಿ ನೋಡಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಎರಡೂ ಕೈಯಲ್ಲಿ ಕಣ್ಣು ಒರೆಸಿಕೊಂಡರು. ಬಲಗೈ ಎಡಗೈಗಿಂತ ಮೊದಲೇ ಮೇಲೆದ್ದಿತ್ತು.

ಉಳಿದವನು ಜೆರಾಕ್ಸ್. ಅಕ್ಕನ ತಮ್ಮ, ಕಾಲೇಜು ಮುಗಿಸಿ ಕೆಲಸ ಹುಡುಕುತ್ತಿದ್ದ. ಕಂಡವರನ್ನೆಲ್ಲ ಅಚ್ಚಿಳಿಸಿ ಅಣಕಿಸುತ್ತಿದ್ದುದರಿಂದ ಆ ಹೆಸರು. ಬೇಕೆಂದು ಮಾಡುವ ಅಣಕ ಅರ್ಧ, ಬೇಡವೆಂದರೂ ಬರುವುದು ಇನ್ನರ್ಧ. ದರ್ಜಿಯ ಅಂಗಡಿಗೆ ಹೋಗಿಬಂದರೆ ಸಂಜೆಯವರೆಗೆ ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡವನಂತೆ ಮಾತಾಡುತ್ತಿದ್ದ. ದೊಡ್ಡಮ್ಮನ ಹಳೇ ಭುಜವನ್ನಂತೂ ಮನೆಯಲ್ಲಿ ಎಷ್ಟು ಸಲ ಮಾಡಿ ತೋರಿಸಿ ಬೈಸಿಕೊಂಡಿದ್ದನೋ.

ಬಸ್ಸಿನಲ್ಲಿ ಅಕ್ಕ ಎಚ್ಚರಿಕೆ ಕೊಡುತ್ತಲೇ ಇದ್ದಳು. ಬರೀ ಭುಜ, ಬೇರೇನೂ ಬೇಡ, ಬಾಯಿ ಬಿಡಬೇಡ. ಸೇತುವೆಯ ನಡುವೆ ಜೆರಾಕ್ಸ್, ಅರ್ಜಿ ಕೊಡಲು ಹೋದಾಗ ಕೇಳಿಸಿಕೊಂಡಿದ್ದ ಮಂಡಳಿಯ ಗುಮಾಸ್ತನ ಮೂಗಿನ ಸ್ವರ ತೆಗೆದ. "ಮೇಡಂ, ನಿಮ್ಮ ಕಡೆ ನೂರೆಂಬತ್ತು ಡಿಗ್ರಿ ಏಳೋ ಕೈ ನಮ್ಮ ಕಡೆ ತೊಂಬತ್ತೇ. ಬಾಕಿ ತೊಂಬತ್ತಕ್ಕೆ ಬೇರೆ ಅರ್ಜಿ ಹಾಕಿ."

ಅಕ್ಕ ನಗಲಿಲ್ಲ. "ಇವತ್ತು ಕೆಡಿಸಿದ್ರೆ ಇನ್ನೊಂದು ವರ್ಷ ನಾನು ಚಿಲಕ ತಿರುಗಿಸ್ತಾ ಕೂರಬೇಕು ಕಣೋ" ಎಂದಳು. ಜೆರಾಕ್ಸ್ ಗುಮಾಸ್ತನ ಮೂಗು ಬಿಟ್ಟು ದೊಡ್ಡಮ್ಮನ ಭುಜಕ್ಕೆ ಮರಳಿದ.

ಮಂಡಳಿಯ ಕಚೇರಿಯಲ್ಲಿ ಉದ್ದನೆಯ ಕಾರಿಡಾರು, ಗೋಡೆಗೊರಗಿದ ಬೆಂಚು. ಅವರನ್ನು ಅಲ್ಲಿ ಕೂರಿಸಿ ಮರೆತರು. ಹಿರಿಯ ಪರೀಕ್ಷಕರು ಕೋಣೆಯಿಂದ ಹೊರಬರುವುದು, ಕಾರಿಡಾರಿನ ಕೊನೆಯವರೆಗೆ ಹೋಗಿ ಚಹಾ ಕುಡಿಯುವುದು, ಮರಳುವುದು ನಡೆದೇ ಇತ್ತು. ಎತ್ತರದ ಆಳು. ಎಡಗಾಲಿನ ಮೇಲೆ ಭಾರ ಬಿದ್ದಾಗಲೆಲ್ಲ ಇಡೀ ಮೈ ಎಡಕ್ಕೆ ವಾಲಿ, ಮತ್ತೆ ಏನೂ ಆಗದವರಂತೆ ನೆಟ್ಟಗಾಗುತ್ತಿತ್ತು. ಪ್ಯಾಂಟಿನೊಳಗೆ ಮಂಡಿಗೆ ಕಟ್ಟಿದ ಪಟ್ಟಿ ಉಬ್ಬಿ ಕಾಣುತ್ತಿತ್ತು. ಅಕ್ಕ ಕಣ್ಣು ಮುಚ್ಚಿ ಪಾಠ ನೆನೆಯುತ್ತಿದ್ದಳು. ಜೆರಾಕ್ಸ್‌ಗೆ ನೋಡಲು ಬೇರೇನೂ ಇರಲಿಲ್ಲ.

ಕರೆ ಬಂದಾಗ ಒಳಗೆ ಹಿರಿಯರ ಪಕ್ಕದಲ್ಲಿ ಕಿರಿಯ ಪರೀಕ್ಷಕಿಯೊಬ್ಬಳು ಕೂತಿದ್ದಳು. ನಡುವೆ ಪರೀಕ್ಷೆಯ ಮೇಜು, ಮೇಲೆ ಬಿಳಿ ಹಾಸು. ರೋಗಿ ಬಾಗಿಲಿಂದ ನಡೆದು ಬರಲಿ ಎಂದರು ಹಿರಿಯರು. ಜೆರಾಕ್ಸ್ ಬಲಭುಜ ಕುಗ್ಗಿಸಿ ಹೆಜ್ಜೆ ಇಟ್ಟ. ಎರಡನೇ ಹೆಜ್ಜೆಗೆ ಭುಜ ಮರೆತುಹೋಯಿತು. ಮೂರನೆಯದಕ್ಕೆ ಮೈ ತಾನಾಗಿ ಎಡಕ್ಕೆ ವಾಲಿತು, ನೆಟ್ಟಗಾಯಿತು, ವಾಲಿತು. ಕಿರಿಯ ಪರೀಕ್ಷಕಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು.

ಅಕ್ಕನ ಮುಖ ಬಿಳಿ ಹಾಸಿನ ಬಣ್ಣಕ್ಕೆ ತಿರುಗಿತು. ಹಿರಿಯರು ಮಾತ್ರ ಗಂಭೀರವಾಗಿ ನೋಡುತ್ತಿದ್ದರು. ತನ್ನ ಬೆನ್ನನ್ನು ತಾನು ಕಂಡವರು ಯಾರು? ಏನು ಸಮಸ್ಯೆ ಎಂದು ಕೇಳಿದರು. ಬಾಯಿಪಾಠ ಮಾಡಿದ್ದ ಭುಜವೆಲ್ಲ ವ್ಯರ್ಥವಾಯಿತು. ಕಣ್ಣಿಗೆ ಕಂಡದ್ದನ್ನೇ ಅಕ್ಕ ಹೇಳಿದಳು. ಎಡ ಸೊಂಟದ ಪಕ್ಕದ ಸ್ನಾಯು ಸೋತಿದೆ, ಅದಕ್ಕೇ ಈ ವಾಲಾಟ.

ಹಿರಿಯರು ತಲೆಯಾಡಿಸಿದರು. ಇದು ಮಂಡಿಯದೇ ದೋಷ, ಇಂಥದ್ದು ತನಗೆ ಬಹಳ ಹತ್ತಿರದಿಂದ ಗೊತ್ತು ಎಂದರು. ಅಕ್ಕ ಬಿಡಲಿಲ್ಲ. "ಮಂಡಿಗೆ ಎಷ್ಟು ವರ್ಷ ಪಟ್ಟಿ ಕಟ್ಟಿದ್ರೂ ಈ ನಡಿಗೆ ಸರಿ ಹೋಗಲ್ಲ, ಸರ್. ಮಂಡಿ ಪಾಪ, ಸೊಂಟದ ಕೆಲಸಾನೂ ತಾನೇ ಮಾಡ್ತಿದೆ."

ನೋಡಿಯೇಬಿಡೋಣ ಎಂದು ಹಿರಿಯರು ಜೆರಾಕ್ಸ್‌ನನ್ನು ಬಲಮಗ್ಗುಲಾಗಿ ಮಲಗಿಸಿ, ಎಡಗಾಲು ಎತ್ತಿಸಿ, ಕೆಳಕ್ಕೆ ಒತ್ತಿದರು. ನಡಿಗೆಯನ್ನು ಕದಿಯಬಲ್ಲವನಿಗೆ ಸ್ನಾಯುವಿನ ಸೋಲನ್ನು ಕದಿಯಲು ಬರಲಿಲ್ಲ. ಒಂದು ಕೈ, ಎರಡು ಕೈ, ಕೊನೆಗೆ ಪರೀಕ್ಷಕರು ಇಡೀ ಮೈಭಾರ ಹಾಕಿ ನೇತಾಡಿದರೂ ಕಾಲು ರೈಲ್ವೆ ಗೇಟಿನಂತೆ ಮೇಲೆಯೇ ಇತ್ತು.

"ಇವನಿಗೆ ಏನೂ ಆಗಿಲ್ಲ" ಎಂದರು, ಏದುಸಿರು ಬಿಡುತ್ತ.

ಅಕ್ಕ ಒಪ್ಪಿಕೊಂಡಳು. ಇವನು ತನ್ನ ತಮ್ಮ, ಹೊತ್ತೊತ್ತಿಗೆ ತಿನ್ನುವುದು ಬಿಟ್ಟರೆ ಬೇರೆ ರೋಗವಿಲ್ಲ. ನಿಜವಾದ ರೋಗಿ ತಾಲೀಮಿನಲ್ಲೇ ಗುಣವಾಗಿಬಿಟ್ಟರು.

"ಹಾಗಾದ್ರೆ ಆ ನಡಿಗೆ ಯಾರದ್ದು?"

ಕಿರಿಯ ಪರೀಕ್ಷಕಿ ತಲೆ ಎತ್ತಿ ಫ್ಯಾನು ನೋಡತೊಡಗಿದಳು. ಜೆರಾಕ್ಸ್ ಕಾಲು ಇಳಿಸುವುದನ್ನೇ ಮರೆತಿದ್ದ.

"ನಿಮ್ಮದು, ಸರ್" ಎಂದಳು ಅಕ್ಕ.

ಹಿರಿಯರು ಪರೀಕ್ಷಕಿಯ ಮುಖ ನೋಡಿದರು. ಹೌದು ಎನ್ನುವ ಧೈರ್ಯ ಅವಳಿಗಿರಲಿಲ್ಲ, ಅಲ್ಲ ಎನ್ನುವ ಮನಸ್ಸೂ ಇರಲಿಲ್ಲ. ಹಿರಿಯರು ಕೋಣೆಯ ಉದ್ದಕ್ಕೆ ನಾಲ್ಕು ಹೆಜ್ಜೆ ಇಟ್ಟು, ಕಿಟಕಿಯ ಗಾಜಿನಲ್ಲಿ ಓರೆಗಣ್ಣಿನಿಂದ ತಮ್ಮನ್ನು ನೋಡಿಕೊಂಡರು. ಆಮೇಲೆ ಜೆರಾಕ್ಸ್‌ಗೆ ಇಳಿ ಎಂದು ಸನ್ನೆ ಮಾಡಿ, ಬೂಟು ಕಳಚಿ, ತಾವೇ ಬಲಮಗ್ಗುಲಾಗಿ ಮಲಗಿ ಎಡಗಾಲು ಎತ್ತಿದರು.

ಅಕ್ಕ ಒತ್ತಿದ್ದು ಎರಡೇ ಬೆರಳಿನಲ್ಲಿ. ಕಾಲು ಮೆತ್ತಗೆ ಇಳಿದುಹೋಯಿತು. ಇನ್ನೊಮ್ಮೆ ಎಂದರು. ಇನ್ನೊಮ್ಮೆಯೂ ಇಳಿಯಿತು.

ಅವರು ಅಲ್ಲಿಯೇ ಮಲಗಿಕೊಂಡು ಗೋಡೆಯ ಕಡೆ ಮುಖ ಮಾಡಿ ನಿಯಮ ಹೇಳಿದರು. ಅಭ್ಯರ್ಥಿ ರೋಗಿಯನ್ನು ಕರೆತಂದಿಲ್ಲ, ಹಾಗಾಗಿ ಪರೀಕ್ಷೆ ನಡೆದಿಲ್ಲ. ಮುಂದಿನ ವರ್ಷ ಬರಬಹುದು. ಅಕ್ಕ ತಲೆ ತಗ್ಗಿಸಿದಳು.

ಆಮೇಲೆ ಹಿರಿಯರು, ತೀರ ಸಣ್ಣ ದನಿಯಲ್ಲಿ, ಗೋಡೆಯನ್ನೇ ಕೇಳುವವರಂತೆ, "ಅಲ್ಲಾ, ಇದಕ್ಕೆ ಏನು ವ್ಯಾಯಾಮ ಮಾಡಬೇಕಾಗುತ್ತೆ?" ಎಂದರು.

ಅಕ್ಕ ಬ್ಯಾಗು ಹೆಗಲಿಗೇರಿಸುತ್ತಿದ್ದವಳು ನಿಂತಳು. "ಹೇಳಬಹುದಿತ್ತು, ಸರ್. ಆದ್ರೆ ಲೈಸೆನ್ಸ್ ಇಲ್ಲದೆ ರೋಗಿಗೆ ಸಲಹೆ ಕೊಟ್ರೆ ನಿಮ್ಮ ರಾಜ್ಯದಲ್ಲಿ ಅಪರಾಧ. ನನ್ನ ರೋಗಿ ನೀವು ಅನ್ನೋದಾದ್ರೆ, ಪರೀಕ್ಷೆಗೆ ನಾನು ರೋಗಿನ ತಂದ ಹಾಗೇ ಆಯ್ತು."

ಹಿರಿಯರ ಬೆನ್ನು ಒಮ್ಮೆ ಅಲುಗಿತು. ನಗುವೋ ಸಿಟ್ಟೋ ಬೆನ್ನಿನಲ್ಲಿ ತಿಳಿಯಲಿಲ್ಲ. ಮಲಗಿದಲ್ಲಿಂದಲೇ ಕೈಯನ್ನು ಹಿಂದಕ್ಕೆ ಚಾಚಿದರು. ಕಿರಿಯ ಪರೀಕ್ಷಕಿ ಫಲಿತಾಂಶದ ಹಾಳೆ ಹಿಡಿದು, ಪೆನ್ನಿನ ಮುಚ್ಚಳ ತೆಗೆದೇ ಇಟ್ಟುಕೊಂಡಿದ್ದಳು.